ಅಮೆರಿಕಾ ಸಂಸ್ಥಾನಗಳಲ್ಲಿ ದಾಂಪತ್ಯ-ಕುಟುಂಬ ಚಿಕಿತ್ಸಕರ ಸನ್ನದೂ ಅದರ ಪರಸ್ಪರ ಮನ್ನಣೆಯೂ

೧

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಯಾವುದಾದರೊಂದು ಸಂಸ್ಥಾನದಲ್ಲಿ ವಿಧಿಪೂರ್ವಕವಾಗಿ ನೆರವೇರಿದ ವಿವಾಹವು ಉಳಿದ ಸಂಸ್ಥಾನಗಳಲ್ಲಿಯೂ ವಿವಾಹವೆಂದೇ ಸಾಮಾನ್ಯವಾಗಿ ಅಂಗೀಕೃತವಾಗುತ್ತದೆ. ನೆವಾಡದಲ್ಲಿ ಕೈಹಿಡಿದ ದಂಪತಿಗಳು ಕ್ಯಾಲಿಫೋರ್ನಿಯಕ್ಕೆ ಬಂದು ನೆಲಸಿದರೆ ಅವರು ಮತ್ತೊಮ್ಮೆ ಮದುವೆಯಾಗಬೇಕಾಗಿಲ್ಲ. ನ್ಯಾಯಸ್ಥಾನವು ಕ್ರಮವಾಗಿ ಕೊಟ್ಟ ವಿಚ್ಛೇದನದ ತೀರ್ಪೂ ಹಾಗೆಯೇ ಗಡಿಯನ್ನು ದಾಟಿ ನಡೆಯುತ್ತದೆ. ಆದರೆ ಆ ದಂಪತಿಗಳೊಳಗೆ ವೈಮನಸ್ಯ ಹುಟ್ಟಿದಾಗ ಅದರ ಮೂಲವನ್ನರಿತು ತಿದ್ದುವುದಕ್ಕೆಂದು ವ್ಯಾಸಂಗಮಾಡಿ, ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಸರಕಾರದಿಂದ ಅಧಿಕಾರಪತ್ರವನ್ನು ಪಡೆದ ದಾಂಪತ್ಯ-ಕುಟುಂಬ ಚಿಕಿತ್ಸಕರು ಗಡಿಯಾಚೆ ಕಾಲಿಟ್ಟೊಡನೆಯೆ ಅವರ ಅಧಿಕಾರಪತ್ರವು ಬರಿಯ ಕಾಗದವಾಗಿಬಿಡುತ್ತದೆ. ಗಂಟು ಹಾಕುವ ಕ್ರಿಯೆಯೂ ಗಂಟು ಬಿಚ್ಚುವ ತೀರ್ಪೂ ಗಡಿಯನ್ನು ದಾಟುವುವು. ಸಡಿಲಿದ ಗಂಟನ್ನು ಸರಿಪಡಿಸುವ ಅಧಿಕಾರ ಮಾತ್ರ ದಾಟಲಾರದು. ಈ ವೈಪರೀತ್ಯವು ಹೇಗೆ ಒದಗಿತು, ಅದನ್ನು ನೀಗಿಸಲು ಯಾವ ಯಾವ ಮಾರ್ಗಗಳು ಅನುಸರಿಸಲ್ಪಟ್ಟುವು, ಅವುಗಳ ತಾರತಮ್ಯವೇನು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಇಲ್ಲಿ ಮೊದಲು ಒಂದು ಮಾತಿನ ಅರ್ಥವನ್ನು ಗೊತ್ತುಮಾಡಿಕೊಳ್ಳಬೇಕು. ವಕೀಲಿಗೆ ಸರಕಾರ ಕೊಡುವ ಅನುಮತಿಪತ್ರವನ್ನು ಕನ್ನಡನಾಡಿನಲ್ಲಿ ‘ಸನ್ನದು’ ಎಂದು ಕರೆಯುವುದು ವಾಡಿಕೆ. ಅಮೆರಿಕಾದಲ್ಲಿ ಲೈಸೆನ್ಸೆಂಬ ಹೆಸರಿನಿಂದ ನಡೆಯುವ ವೃತ್ತಿಯ ಅಧಿಕಾರಪತ್ರಕ್ಕೆ ಈ ಲೇಖನದಲ್ಲಿ ಅದೇ ಶಬ್ದವನ್ನು ಬಳಸಲಾಗಿದೆ. ಪದವಿಯು ವಿದ್ಯೆಗೆ ಸಾಕ್ಷಿ. ಸನ್ನದಾದರೋ ಆ ವಿದ್ಯೆಯನ್ನು ಒಂದು ಪ್ರಾಂತದೊಳಗೆ ಪ್ರಯೋಗಿಸಲು ಆ ಪ್ರಾಂತದ ಪ್ರಭುತ್ವವು ಕೊಟ್ಟ ಅಪ್ಪಣೆ. ಮುಂದಿನ ಚರಿತ್ರೆಯೆಲ್ಲವೂ ಈ ಭೇದದಿಂದಲೇ ಹೊರಟುದಾಗಿದೆ.

೨

ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗಕ್ಕೆ ೧೭೯೧ರಲ್ಲಿ ಸೇರಿದ ಹತ್ತನೆಯ ತಿದ್ದುಪಡಿಯ ಪ್ರಕಾರ, ಕೇಂದ್ರಕ್ಕೆ ವಹಿಸದೆಯೂ ಸಂಸ್ಥಾನಗಳಿಗೆ ನಿಷೇಧಿಸದೆಯೂ ಇರುವ ಅಧಿಕಾರಗಳು ಸಂಸ್ಥಾನಗಳಿಗೆ ಅಥವಾ ಪ್ರಜೆಗಳಿಗೆ ಸೇರಿದುವು. ಪ್ರಜೆಗಳ ಆರೋಗ್ಯವನ್ನೂ ಕ್ಷೇಮವನ್ನೂ ಕಾಪಾಡುವ ಅಧಿಕಾರವು ಇಂತಹುದು. ವೃತ್ತಿಗಳಿಗೆ ಸನ್ನದು ಕೊಡುವ ಹಕ್ಕು ಇದರ ಒಂದು ಅಂಗವೆಂಬುದು ೧೮೮೯ರಲ್ಲಿ ಡೆಂಟ್ ಎಂಬವನ ಮೊಕದ್ದಮೆಯಲ್ಲಿ ನಿರ್ಧಾರವಾಯಿತು. ಫ್ರಾಂಕ್ ಡೆಂಟನು ಪಶ್ಚಿಮ ವರ್ಜೀನಿಯಾ ಸಂಸ್ಥಾನದಲ್ಲಿ ೧೮೭೬ರಿಂದ ವೈದ್ಯವೃತ್ತಿಯನ್ನು ನಡೆಸುತ್ತಿದ್ದನು. ೧೮೮೨ರಲ್ಲಿ ಅಲ್ಲಿ ಹೊಸ ಶಾಸನವೊಂದು ಬಂದಿತು. ಪ್ರತಿಷ್ಠಿತ ವೈದ್ಯಶಾಲೆಯ ಪದವಿಯಾಗಲಿ, ಸಂಸ್ಥಾನದೊಳಗೆ ಹತ್ತು ವರ್ಷಗಳ ಅವಿಚ್ಛಿನ್ನ ವೃತ್ತಿಯಾಗಲಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಲಿ ಇಲ್ಲದವನು ಚಿಕಿತ್ಸೆ ಮಾಡಕೂಡದೆಂದು ಅದು ವಿಧಿಸಿತು. ಡೆಂಟನು ಸಿನ್‌ಸಿನಾಟಿಯ ಶಾಲೆಯೊಂದರ ಪದವಿಪತ್ರವನ್ನು ತೋರಿಸಿದನು. ಆರೋಗ್ಯ ಮಂಡಲಿಯವರು ಆ ಶಾಲೆಗೆ ಪ್ರತಿಷ್ಠೆಯಿಲ್ಲವೆಂದು ಅದನ್ನು ತಿರಸ್ಕರಿಸಿದರು. ಅವನಿಗೆ ೫೦ ಡಾಲರುಗಳ ಜುಲ್ಮಾನೆಯಾಯಿತು. ವ್ಯಾಜ್ಯವು ರಾಷ್ಟ್ರದ ಸರ್ವೋಚ್ಚ ನ್ಯಾಯಸ್ಥಾನದವರೆಗೆ ಹೋಯಿತು. ಅಜ್ಞಾನದಿಂದಲೂ ಅಸಾಮರ್ಥ್ಯದಿಂದಲೂ ವಂಚನೆಯಿಂದಲೂ ಪ್ರಜೆಗಳನ್ನು ರಕ್ಷಿಸಲು ಇಂತಹ ನಿಯಮವನ್ನು ಮಾಡುವ ಅಧಿಕಾರ ಸಂಸ್ಥಾನಕ್ಕೆ ಉಂಟೆಂದೂ, ಆದರೆ ಆ ನಿಯಮಗಳು ವೃತ್ತಿಗೆ ಸಂಬಂಧಪಟ್ಟವೂ ಯುಕ್ತವಾದ ಅಭ್ಯಾಸದಿಂದ ಸಾಧ್ಯವೂ ಆಗಿರಬೇಕೆಂದೂ ನ್ಯಾಯಮೂರ್ತಿ ಸ್ಟೀಫನ್ ಫೀಲ್ಡರು ತೀರ್ಪಿತ್ತರು.

ಈ ತೀರ್ಪಿನಲ್ಲಿ ಎರಡು ಎಳೆಗಳು ಹೆಣೆದುಕೊಂಡಿರುವುದನ್ನು ಕಾಣಬಹುದು. ಸನ್ನದಿಗೆ ಆಧಾರವು ಪ್ರಜಾರಕ್ಷಣೆಯೆಂಬುದು ಒಂದು. ಆ ರಕ್ಷಣೆಯನ್ನು ಅಳೆಯುವ ಕೋಲು ಆಯಾ ಸಂಸ್ಥಾನದ ಮಂಡಲಿಯ ಕೈಯಲ್ಲಿದೆಯೆಂಬುದು ಮತ್ತೊಂದು. ಡೆಂಟನ ರೋಗಿಗಳು ಅವನಿಂದ ಹಾನಿಹೊಂದಿದರೇ ಎಂಬುದು ಅಲ್ಲಿ ಪ್ರಶ್ನೆಯಾಗಲಿಲ್ಲ. ಅವನ ಕಾಗದವು ಎಂತಹುದೆಂಬುದೇ ಪ್ರಶ್ನೆಯಾಯಿತು. ವ್ಯಕ್ತಿಯನ್ನು ಬಿಟ್ಟು ಪತ್ರವನ್ನು ಪರೀಕ್ಷಿಸುವ ಈ ಪದ್ಧತಿಯು ಮುಂದೆ ಒಂದು ಶತಮಾನಕ್ಕೂ ಮೇಲ್ಪಟ್ಟು ನಡೆದುಬಂದಿತು.

ರಾಜ್ಯಾಂಗದ ನಾಲ್ಕನೆಯ ಪ್ರಕರಣದಲ್ಲಿ ಒಂದು ಸಂಸ್ಥಾನದ ಶಾಸನ, ದಾಖಲೆ, ತೀರ್ಪುಗಳಿಗೆ ಇತರ ಸಂಸ್ಥಾನಗಳು ಪೂರ್ಣ ವಿಶ್ವಾಸವನ್ನು ತೋರಬೇಕೆಂಬ ವಿಧಿಯುಂಟು. ಇದರ ಬಲವು ವಿಚ್ಛೇದನದ ವಿಷಯದಲ್ಲಿ ೧೯೪೨ರಲ್ಲಿ ಪ್ರಕಟವಾಯಿತು. ಉತ್ತರ ಕ್ಯಾರೊಲಿನದ ಒಬ್ಬ ಪುರುಷನೂ ಒಬ್ಬ ಸ್ತ್ರೀಯೂ ನೆವಾಡಕ್ಕೆ ಹೋಗಿ ತಮ್ಮ ತಮ್ಮ ಪೂರ್ವವಿವಾಹಗಳನ್ನು ರದ್ದುಪಡಿಸಿಕೊಂಡು, ಪರಸ್ಪರ ವಿವಾಹವಾಗಿ ಹಿಂದಿರುಗಿದಾಗ ಅವರ ಮೇಲೆ ದ್ವಿವಿವಾಹದ ಆಪಾದನೆ ಬಂದಿತು. ನೆವಾಡದ ತೀರ್ಪನ್ನು ಉತ್ತರ ಕ್ಯಾರೊಲಿನವು ಗೌರವಿಸಬೇಕೆಂದು ಸರ್ವೋಚ್ಚ ನ್ಯಾಯಸ್ಥಾನವು ಆ ವರ್ಷ ಹೇಳಿತು. ೧೯೪೫ರಲ್ಲಿ ಅದೇ ವ್ಯಾಜ್ಯವು ಮರಳಿ ಬಂದಾಗ, ಅವರು ನೆವಾಡದಲ್ಲಿ ನಿಜವಾಗಿ ನೆಲಸಿದ್ದರೇ ಎಂಬುದನ್ನು ಪರಿಶೀಲಿಸಬಹುದೆಂದು ಮಿತಿಯನ್ನೂ ಕಲ್ಪಿಸಿತು. ವಿವಾಹವೂ ಎಂದೆಂದಿಗೂ ನಿರಾತಂಕವಾಗಿ ಗಡಿಯನ್ನು ದಾಟಿತೆಂದು ಹೇಳುವಂತಿಲ್ಲ. ೧೯೫೮ರಲ್ಲಿ ವಾಷಿಂಗ್ಟನ್ ನಗರದಲ್ಲಿ ಮದುವೆಯಾದ ಲವಿಂಗ್ ದಂಪತಿಗಳು ಭಿನ್ನವರ್ಣದವರೆಂಬ ಕಾರಣದಿಂದ ವರ್ಜೀನಿಯಾದಲ್ಲಿ ಶಿಕ್ಷೆಗೆ ಗುರಿಯಾದರು. ಅಂತಹ ನಿಷೇಧವು ೧೯೬೭ರ ತೀರ್ಪಿನಿಂದ ಅಳಿಯಿತು. ಹೀಗೆ ವಿವಾಹ ವಿಚ್ಛೇದನಗಳು ಹೋರಾಟದಿಂದಲಾದರೂ ಗಡಿಯನ್ನು ದಾಟಿದುವು. ಸನ್ನದಿಗೆ ಈ ದಾರಿಯೂ ಮುಚ್ಚಿದ್ದಿತು. ಅದು ತೀರ್ಪಲ್ಲ, ಅಪ್ಪಣೆ; ಅಪ್ಪಣೆಯು ಕೊಟ್ಟವನ ಎಲ್ಲೆಯವರೆಗೆ ಮಾತ್ರ ಸಲ್ಲುತ್ತದೆ.

೩

ದಾಂಪತ್ಯವನ್ನು ಚಿಕಿತ್ಸೆಯ ವಿಷಯವಾಗಿ ಮಾಡಿಕೊಂಡ ವೃತ್ತಿಯು ಆ ದೇಶದಲ್ಲಿಯೂ ಹಳೆಯದಲ್ಲ. ೧೯೩೦ರಲ್ಲಿ ಪಾಲ್ ಪೊಪೆನೋ ಎಂಬವನು ಲಾಸ್ ಏಂಜಲಿಸ್ ನಗರದಲ್ಲಿ ಕುಟುಂಬಸಂಬಂಧಗಳ ಸಂಸ್ಥೆಯೊಂದನ್ನು ಸ್ಥಾಪಿಸಿದನು. ಇವನು ಮೊದಲು ಖರ್ಜೂರದ ಸಸಿಗಳನ್ನು ದೇಶಾಂತರಗಳಿಂದ ಸಂಗ್ರಹಿಸುತ್ತಿದ್ದವನು; ಆಮೇಲೆ ವಂಶಶುದ್ಧಿವಾದದ ಪ್ರಚಾರಕನಾಗಿ, ‘ಅಯೋಗ್ಯ’ರೆನಿಸಿಕೊಂಡವರ ಸಂತಾನಶಕ್ತಿಯನ್ನು ಶಸ್ತ್ರಕ್ರಿಯೆಯಿಂದ ನಿಲ್ಲಿಸಬೇಕೆಂದು ವಾದಿಸಿದವನು. ಮನಶ್ಶಾಸ್ತ್ರದಲ್ಲಾಗಲಿ ವೈದ್ಯದಲ್ಲಾಗಲಿ ಅವನಿಗೆ ಕ್ರಮವಾದ ಶಿಕ್ಷಣವಿರಲಿಲ್ಲ. ಯಾರು ಬೇಕಾದರೂ ಫಲಕವನ್ನು ತೂಗುಹಾಕಿ ದಂಪತಿಗಳಿಗೆ ಬುದ್ಧಿಹೇಳಬಹುದಾಗಿದ್ದ ಆ ಕಾಲದ ಸ್ಥಿತಿಗೆ ಇದೊಂದು ನಿದರ್ಶನ. ಫಿಲಡೆಲ್ಫಿಯದಲ್ಲಿ ಎಮಿಲಿ ಮಡ್ ಎಂಬ ವಿದುಷಿಯು ೧೯೩೨ರಲ್ಲಿ ಆರಂಭಿಸಿದ ವಿವಾಹ ಸಲಹಾಕೇಂದ್ರವು ಮುಂದೆ ವೈದ್ಯಶಿಕ್ಷಣದೊಡನೆ ಸಂಬಂಧವನ್ನು ಬೆಳೆಸಿಕೊಂಡಿತು. ೧೯೪೨ರಲ್ಲಿ ವಿವಾಹ ಸಲಹೆಗಾರರ ಅಮೆರಿಕನ್ ಸಂಘವು ಹುಟ್ಟಿತು. ಗಡಿಯಾಚೆಯ ವಿಚ್ಛೇದನಕ್ಕೆ ಮನ್ನಣೆ ದೊರೆತುದೂ, ವಿಚ್ಛೇದನವನ್ನು ತಪ್ಪಿಸಲು ಯತ್ನಿಸುವವರು ಸಂಘವಾಗಿ ಕೂಡಿದುದೂ ಒಂದೇ ವರ್ಷದಲ್ಲಿ ಎಂಬುದು ಕಾಕತಾಳೀಯವಾದರೂ ಸ್ಮರಣೀಯ.

ಎರಡನೆಯ ಪ್ರವಾಹವೊಂದು ೧೯೫೦ರ ದಶಕದಲ್ಲಿ ಬಂದು ಕೂಡಿತು. ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ಗ್ರೆಗರಿ ಬೇಟ್ಸನ್ನನೂ ಅವನ ಸಂಗಡಿಗರೂ, ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮರ್ರೇ ಬೋವೆನನೂ, ನ್ಯೂಯಾರ್ಕಿನಲ್ಲಿ ನೇಥನ್ ಆಕರ್ಮನನೂ ರೋಗವನ್ನು ಒಬ್ಬ ವ್ಯಕ್ತಿಯ ಮನಸ್ಸಿನಲ್ಲಿ ಮಾತ್ರ ಹುಡುಕದೆ ಕುಟುಂಬದವರ ಪರಸ್ಪರ ವ್ಯವಹಾರದಲ್ಲಿ ಅರಸತೊಡಗಿದರು. ಸಲಹೆಯ ಪ್ರವಾಹವೂ ಚಿಕಿತ್ಸೆಯ ಪ್ರವಾಹವೂ ಒಂದಾದುದರ ಗುರುತು ಸಂಘದ ಹೆಸರಿನಲ್ಲಿಯೇ ಇದೆ. ೧೯೭೦ರಲ್ಲಿ ‘ಕುಟುಂಬ’ ಎಂಬ ಪದವು ಅದಕ್ಕೆ ಸೇರಿತು. ಆ ದಶಕದ ಕೊನೆಯಲ್ಲಿ ‘ಸಲಹೆ’ಯ ಸ್ಥಾನದಲ್ಲಿ ‘ಚಿಕಿತ್ಸೆ’ ಬಂದಿತು.

೪

ಈ ವೃತ್ತಿಗೆ ಮೊದಲು ಸನ್ನದಿನ ಶಾಸನವನ್ನು ಮಾಡಿದ ಸಂಸ್ಥಾನ ಕ್ಯಾಲಿಫೋರ್ನಿಯ, ವರ್ಷ ೧೯೬೩. ಮಿಷಿಗನ್, ನ್ಯೂಜೆರ್ಸಿಗಳು ಅದೇ ದಶಕದೊಳಗೆ ಅದನ್ನು ಅನುಸರಿಸಿದುವು. ನ್ಯೂಯಾರ್ಕಿನಂತಹ ದೊಡ್ಡ ಸಂಸ್ಥಾನವು ೨೦೦೨ರವರೆಗೂ ಶಾಸನವನ್ನು ಮಾಡಲಿಲ್ಲ. ೨೦೦೯ರಲ್ಲಿ ಮಾಂಟಾನಾ ಸೇರಿದ ಮೇಲೆ ಐವತ್ತು ಸಂಸ್ಥಾನಗಳೂ ಪೂರ್ಣವಾದುವು. ಮೊದಲನೆಯದಕ್ಕೂ ಕಡೆಯದಕ್ಕೂ ನಡುವೆ ೪೬ ವರ್ಷಗಳು ಕಳೆದಿದ್ದುವು.

ಈ ಕಾಲಾಂತರವೇ ಮುಂದಿನ ತೊಡಕಿಗೆ ಮುಖ್ಯ ಕಾರಣವೆಂದು ಹೇಳಬಹುದು. ೧೯೬೩ರಲ್ಲಿ ಶಾಸನವನ್ನು ಬರೆದವರ ಮುಂದೆ ಸರ್ವಸಮ್ಮತವಾದ ಪಠ್ಯಕ್ರಮವಾಗಲಿ ರಾಷ್ಟ್ರೀಯ ಪರೀಕ್ಷೆಯಾಗಲಿ ಇರಲಿಲ್ಲ. ಸಂಸ್ಥಾನಗಳ ಮಂಡಲಿಗಳು ಒಕ್ಕೂಟವಾಗಿ ಏರ್ಪಟ್ಟುದು ೧೯೮೭ರಲ್ಲಿ. ಆ ಒಕ್ಕೂಟದ ಪರೀಕ್ಷೆಯು ಕ್ರಮೇಣ ಇತರ ಸಂಸ್ಥಾನಗಳಿಗೆಲ್ಲ ಸಾಮಾನ್ಯವಾದಾಗಲೂ, ಮೊದಲೇ ತನ್ನ ಪದ್ಧತಿಯನ್ನು ರೂಢಿಸಿಕೊಂಡಿದ್ದ ಕ್ಯಾಲಿಫೋರ್ನಿಯವು ಬಹುಕಾಲ ತನ್ನದೇ ಪರೀಕ್ಷೆಯನ್ನು ನಡೆಸಿಕೊಂಡು ಬಂದಿತು. ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಬೇಕಾದ ಅಭ್ಯಾಸದ ಅವಧಿಯೂ ಒಂದೇ ಸಮನಾಗಿಲ್ಲ. ಕ್ಯಾಲಿಫೋರ್ನಿಯವು ೩,೦೦೦ ಗಂಟೆಗಳನ್ನು ವಿಧಿಸಿತು, ಆರಿಜೋನವು ೩,೨೦೦, ನ್ಯೂಯಾರ್ಕು ೧,೫೦೦. ಈ ಗಂಟೆಗಳಲ್ಲಿ ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕೆಂಬ ಲೆಕ್ಕವೂ ಬೇರೆಬೇರೆ. ದಂಪತಿಗಳ ಸ್ವಭಾವವು ನ್ಯೂಯಾರ್ಕಿನಲ್ಲಿ ಸರಳವೂ ಆರಿಜೋನದಲ್ಲಿ ಅದರ ಇಮ್ಮಡಿ ಜಟಿಲವೂ ಆಗಿದೆಯೆಂದು ಯಾರೂ ವಾದಿಸಿಲ್ಲ. ಈ ಸಂಖ್ಯೆಗಳು ಶಾಸ್ತ್ರವಿಚಾರದ ಫಲವೆನ್ನುವುದಕ್ಕಿಂತ, ಆಯಾ ಶಾಸನಸಭೆಯಲ್ಲಿ ಆಯಾ ಕಾಲದಲ್ಲಿ ನಡೆದ ಹೊಂದಾಣಿಕೆಯ ಶೇಷಗಳೆನ್ನುವುದು ಯುಕ್ತ.

ಇದರ ಭಾರವನ್ನು ಹೊತ್ತವರು ಇಬ್ಬರು. ಮೊದಲನೆಯವರು ಸ್ಥಳಾಂತರ ಹೊಂದಿದ ಚಿಕಿತ್ಸಕರು. ಹದಿನೈದು ವರ್ಷ ನಿಷ್ಕಳಂಕವಾಗಿ ವೃತ್ತಿ ನಡೆಸಿದವರೂ ಹೊಸ ಸಂಸ್ಥಾನದಲ್ಲಿ ತಮ್ಮ ಹಳೆಯ ಪಠ್ಯಕ್ರಮದ ವಿವರಗಳನ್ನು ತರಿಸಿಕೊಟ್ಟು, ಎಂದೋ ಮುಗಿಸಿದ ಅಭ್ಯಾಸದ ಗಂಟೆಗಳಿಗೆ ಎಂದೋ ಇದ್ದ ಮೇಲ್ವಿಚಾರಕರ ರುಜುವನ್ನು ಹುಡುಕಬೇಕು. ಆ ಮೇಲ್ವಿಚಾರಕರು ಕಾಲವಾಗಿದ್ದರೆ ಆ ರುಜು ದೊರೆಯುವುದೆಲ್ಲಿಂದ? ಸೈನಿಕರ ಪತ್ನಿಯರೂ ಪತಿಗಳೂ ಕೆಲವು ವರ್ಷಗಳಿಗೊಮ್ಮೆ ಊರು ಬಿಡಬೇಕಾದವರಾದುದರಿಂದ ಅವರಲ್ಲಿ ಈ ವೃತ್ತಿಯನ್ನು ಹಿಡಿದವರ ಕಷ್ಟ ಇನ್ನೂ ಹೆಚ್ಚು. ಎರಡನೆಯವರು ಚಿಕಿತ್ಸೆಯನ್ನು ಪಡೆಯುವವರು. ದೂರದಿಂದ ನಡೆಸುವ ಚಿಕಿತ್ಸೆಯಲ್ಲಿ ಚಿಕಿತ್ಸಕರು ಎಲ್ಲಿರುವರೆಂಬುದಲ್ಲ, ಕುಟುಂಬದವರು ಎಲ್ಲಿ ಕುಳಿತಿರುವರೆಂಬುದೇ ಶಾಸನಕ್ಕೆ ಮುಖ್ಯ. ಮನೆಯ ಗುಟ್ಟನ್ನು ವರ್ಷಗಟ್ಟಲೆ ನಂಬಿಕೆಯಿಂದ ಹೇಳಿಕೊಂಡ ಕುಟುಂಬವು ಉದ್ಯೋಗನಿಮಿತ್ತವಾಗಿ ಗಡಿ ದಾಟಿತೆಂದರೆ ಆ ಸಂಭಾಷಣೆಯು ಅರ್ಧದಲ್ಲಿಯೇ ಮುರಿಯಬೇಕಾಗುತ್ತದೆ. ಪರದೇಶದಿಂದ ಹೋಗಿ ನೆಲಸಿದವರಿಗೆ ಇದು ಭಾಷೆಯ ಪ್ರಶ್ನೆಯೂ ಹೌದು. ಅಲ್ಲಿಯ ಕನ್ನಡ ಕುಟುಂಬವೊಂದರಲ್ಲಿ ಅತ್ತೆಸೊಸೆಯರ ಮನಸ್ತಾಪಕ್ಕೋ ಗಂಡಹೆಂಡಿರ ಮೌನಕ್ಕೋ ಪರಿಹಾರವನ್ನು ಕನ್ನಡದಲ್ಲಿಯೇ ಹುಡುಕಬೇಕೆಂದರೆ, ಕನ್ನಡ ಬಲ್ಲ ಚಿಕಿತ್ಸಕರು ನೆರೆಯ ಸಂಸ್ಥಾನದಲ್ಲಿದ್ದರೂ ಅವರಿಗೆ ಇಲ್ಲಿಯ ಸನ್ನದು ಇಲ್ಲದಿದ್ದರೆ ಅವರು ಇಲ್ಲದವರ ಸಮಾನ.

೫

ಪರಿಹಾರಕ್ಕಾಗಿ ನಡೆದ ಯತ್ನಗಳನ್ನು ಮೂರು ಮಾರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಸಮಾನತೆಯ ಮಾರ್ಗ. ಅರ್ಜಿದಾರರ ಮೂಲಸಂಸ್ಥಾನದ ನಿಯಮಗಳು ತನ್ನ ನಿಯಮಗಳಿಗೆ ಬಹುಮಟ್ಟಿಗೆ ಸಮಾನವಾಗಿದ್ದರೆ ಸನ್ನದನ್ನು ಕೊಡುವುದು ಇದರ ಲಕ್ಷಣ. ಮೇಲ್ನೋಟಕ್ಕೆ ಇದು ನ್ಯಾಯವೆಂದೇ ತೋರುತ್ತದೆ. ಆದರೆ ೩,೨೦೦ಕ್ಕೂ ೧,೫೦೦ಕ್ಕೂ ಸಮಾನತೆಯನ್ನು ಕಾಣುವ ಬಗೆ ಹೇಗೆ? ಇಲ್ಲಿಯೂ ಡೆಂಟನ ಕಾಲದಂತೆ ಪತ್ರಕ್ಕೂ ಪತ್ರಕ್ಕೂ ತುಲನೆ ನಡೆಯುವುದಲ್ಲದೆ, ವ್ಯಕ್ತಿಯ ವೃತ್ತಿಜೀವನವು ವಿಚಾರಕ್ಕೆ ಬರುವುದಿಲ್ಲ.

ಎರಡನೆಯದು ಅನುಮೋದನೆಯ ಮಾರ್ಗ. ಅನ್ಯಸಂಸ್ಥಾನದ ಸನ್ನದನ್ನೇ ಯೋಗ್ಯತೆಗೆ ಪ್ರಮಾಣವಾಗಿ ಗ್ರಹಿಸಿ, ಅದರ ಮೇಲೆ ತನ್ನ ಸನ್ನದನ್ನು ಕೊಡುವುದು ಇದರ ಸ್ವರೂಪ. ಆರಿಜೋನವು ೨೦೧೯ರಲ್ಲಿ ಮಾಡಿದ ಶಾಸನವು ಈ ತತ್ತ್ವವನ್ನು ಬಹುಸಂಖ್ಯೆಯ ವೃತ್ತಿಗಳಿಗೆ ಒಟ್ಟಿಗೆ ಅನ್ವಯಿಸಿತು. ಅನ್ಯಸಂಸ್ಥಾನದಲ್ಲಿ ಕನಿಷ್ಠ ಒಂದು ವರ್ಷ ಅದೇ ದರ್ಜೆಯ ಸನ್ನದನ್ನು ಹೊಂದಿ, ಶಿಕ್ಷೆಯ ಕಳಂಕವಿಲ್ಲದೆ, ಆರಿಜೋನದಲ್ಲಿ ಬಂದು ನೆಲಸಿದವರಿಗೆ ಸನ್ನದು ದೊರೆಯತಕ್ಕುದು. ಬೇಕಾದರೆ ಸಂಸ್ಥಾನದ ಕಾನೂನಿನಲ್ಲಿ ಮಾತ್ರ ಪರೀಕ್ಷೆಯನ್ನು ಇಡಬಹುದು. ಅನೇಕ ಸಂಸ್ಥಾನಗಳು ಇದನ್ನು ಅನುಕರಿಸಿದುವು. ಕ್ಯಾಲಿಫೋರ್ನಿಯವೂ ೨೦೧೯ರಲ್ಲಿ ಶಾಸನವನ್ನು ಮಾಡಿ, ೨೦೨೦ರ ಆರಂಭದಿಂದ, ಅನ್ಯಸಂಸ್ಥಾನದಲ್ಲಿ ಸ್ವತಂತ್ರ ಚಿಕಿತ್ಸೆಯ ಸನ್ನದನ್ನು ಎರಡು ವರ್ಷ ಹೊಂದಿದ್ದವರನ್ನು ತನ್ನ ಚಿಕಿತ್ಸಾಪರೀಕ್ಷೆಯಿಂದ ಬಿಡುಗಡೆಮಾಡಿತು. ಅಲ್ಲಿಯ ಕಾನೂನು ಮತ್ತು ನೀತಿಯ ಪರೀಕ್ಷೆಯನ್ನೂ, ಅಲ್ಲಿಯ ಜನಸಂಸ್ಕೃತಿಗಳು, ಶಿಶುಹಿಂಸೆಯ ಪರಿಶೀಲನೆ ಮುಂತಾದ ವಿಷಯಗಳಲ್ಲಿ ಅಲ್ಪಕಾಲದ ಶಿಕ್ಷಣವನ್ನೂ ಮಾತ್ರ ಉಳಿಸಿಕೊಂಡಿತು. ಈ ವೃತ್ತಿಗೆ ಎಲ್ಲಕ್ಕಿಂತ ಮೊದಲು ಬೇಲಿಯನ್ನು ಹಾಕಿದ ಸಂಸ್ಥಾನವೇ ೫೬ ವರ್ಷಗಳ ತರುವಾಯ ಬೇಲಿಯಲ್ಲಿ ಬಾಗಿಲನ್ನು ತೆರೆದುದು ಈ ಚರಿತ್ರೆಯ ಒಂದು ತಿರುವು.

ಮೂರನೆಯದು ಒಡಂಬಡಿಕೆಯ ಮಾರ್ಗ. ಹಲವು ಸಂಸ್ಥಾನಗಳು ಒಂದೇ ಕರಾರನ್ನು ಶಾಸನವಾಗಿ ಅಂಗೀಕರಿಸಿ, ಒಂದರ ಸನ್ನದಿಗೆ ಉಳಿದವುಗಳಲ್ಲಿಯೂ ವೃತ್ತಿನಡೆಸುವ ಹಕ್ಕನ್ನು ಕಲ್ಪಿಸುವುದು ಇದರ ರೀತಿ. ದಾದಿಯರು ಇದನ್ನು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿಯೇ ಆರಂಭಿಸಿದರು. ಮನಶ್ಶಾಸ್ತ್ರಜ್ಞರ ಒಡಂಬಡಿಕೆಯು ೨೦೨೦ರಲ್ಲಿ ಕಾರ್ಯರೂಪಕ್ಕೆ ಬಂದಿತು; ಸಲಹೆಗಾರರ ಒಡಂಬಡಿಕೆಗೆ ಬೇಕಾದ ಹತ್ತು ಸಂಸ್ಥಾನಗಳು ೨೦೨೨ರಲ್ಲಿ ಕೂಡಿದುವು. ದಾಂಪತ್ಯ-ಕುಟುಂಬ ಚಿಕಿತ್ಸಕರು ಈ ಯಾವುದರಲ್ಲಿಯೂ ಸೇರಿದವರಲ್ಲ. ಅವರ ಸಂಘವು ಒಡಂಬಡಿಕೆಗಿಂತ ಅನುಮೋದನೆಯ ಮಾರ್ಗವನ್ನೇ ಮೆಚ್ಚಿ ಅದಕ್ಕಾಗಿ ದುಡಿಯಿತು. ಒಡಂಬಡಿಕೆಯು ಸೇರಿದ ಸಂಸ್ಥಾನಗಳೊಳಗೆ ಮಾತ್ರ ನಡೆಯುತ್ತದೆ. ಅನುಮೋದನೆಯನ್ನಾದರೋ ಒಂದು ಸಂಸ್ಥಾನವು ಇನ್ನೊಂದರ ಸಮ್ಮತಿಯನ್ನು ಕಾಯದೆ ತಾನೇ ಅಂಗೀಕರಿಸಬಹುದು. ಆದರೆ ಅದರಲ್ಲಿಯೂ ಕೊರತೆಯಿಲ್ಲದಿಲ್ಲ. ಒಂದೊಂದು ಸಂಸ್ಥಾನಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕ ಬೇಕಾಗುತ್ತದೆ. ಆರಿಜೋನದಲ್ಲಿದ್ದಂತೆ ನೆಲಸಿರಬೇಕೆಂಬ ನಿಯಮವಿದ್ದಲ್ಲಿ ದೂರದಿಂದ ಚಿಕಿತ್ಸೆ ನಡೆಸುವವರಿಗೆ ಅದರಿಂದ ಪ್ರಯೋಜನವಿಲ್ಲ. ಈ ಕೊನೆಯ ಕೊರತೆಯನ್ನು ಫ್ಲಾರಿಡವು ೨೦೧೯ರಲ್ಲಿ ಬೇರೊಂದು ವಿಧದಿಂದ ನೀಗಿಸಿತು: ಹೊರಗಿನ ಸನ್ನದುದಾರರು ಅಲ್ಲಿ ನೋಂದಣಿ ಮಾಡಿಸಿಕೊಂಡು ದೂರದಿಂದಲೇ ಚಿಕಿತ್ಸೆ ನಡೆಸಲು ಅವಕಾಶ ಕೊಟ್ಟಿತು.

ಈ ಮೂರು ಮಾರ್ಗಗಳ ಹೊರಗೆ ಎರಡು ಘಟನೆಗಳು ಗಡಿಯನ್ನು ಸಡಿಲಿಸಿದುವು. ೨೦೨೦ರ ಮಹಾಮಾರಿಯ ಕಾಲದಲ್ಲಿ ಅನೇಕ ಸಂಸ್ಥಾನಗಳು ತಮ್ಮ ನಿಯಮಗಳನ್ನು ತಾತ್ಕಾಲಿಕವಾಗಿ ಬದಿಗಿಟ್ಟುವು. ೨೦೨೩ರ ಜನವರಿಯಲ್ಲಿ ಕೇಂದ್ರ ಶಾಸನವೊಂದು, ಸೇನೆಯ ಆಜ್ಞೆಯಿಂದ ಸ್ಥಳಾಂತರ ಹೊಂದುವ ಸೈನಿಕರ ಮತ್ತು ಅವರ ಪತಿಪತ್ನಿಯರ ವೃತ್ತಿಸನ್ನದುಗಳಿಗೆ, ವಕೀಲರದನ್ನು ಬಿಟ್ಟು, ಹೊಸ ಸಂಸ್ಥಾನದಲ್ಲಿ ಮನ್ನಣೆಯನ್ನು ಕೊಡಿಸಿತು. ಇದಲ್ಲದೆ ೨೦೨೪ರ ಜನವರಿಯಿಂದ ವೃದ್ಧರ ರಾಷ್ಟ್ರೀಯ ಆರೋಗ್ಯವಿಮೆಯಾದ ಮೆಡಿಕೇರು ಈ ಚಿಕಿತ್ಸಕರ ಸೇವೆಗೆ ಹಣವನ್ನು ಕೊಡತೊಡಗಿತು. ಹಣವು ರಾಷ್ಟ್ರದ್ದು, ಸನ್ನದು ಸಂಸ್ಥಾನದ್ದು ಎಂಬ ಹೊಸ ವಿರೋಧವು ಹೀಗೆ ಹುಟ್ಟಿದೆ.

೬

ಗಡಿಯನ್ನು ಉಳಿಸಬೇಕೆನ್ನುವವರ ಪಕ್ಷವನ್ನು ಕೇವಲ ಸ್ವಾರ್ಥವೆಂದು ತಳ್ಳಿಬಿಡುವುದು ಸರಿಯಲ್ಲ. ಸ್ವಾರ್ಥಕ್ಕೆ ಎಡೆಯುಂಟೆಂಬುದು ನಿಜ. ವೃತ್ತಿಯವರೇ ತುಂಬಿರುವ ಮಂಡಲಿಗಳು ಸಂಸ್ಥಾನದ ಸಕ್ರಿಯ ಮೇಲ್ವಿಚಾರಣೆಯಿಲ್ಲದೆ ಸ್ಪರ್ಧೆಯನ್ನು ತಡೆದರೆ ಅವಕ್ಕೆ ಏಕಸ್ವಾಮ್ಯನಿಷೇಧದ ಕಾನೂನಿನಿಂದ ರಕ್ಷಣೆಯಿಲ್ಲವೆಂದು ಉತ್ತರ ಕ್ಯಾರೊಲಿನದ ದಂತವೈದ್ಯ ಮಂಡಲಿಯ ವ್ಯಾಜ್ಯದಲ್ಲಿ ೨೦೧೫ರಲ್ಲಿ ತೀರ್ಪಾಗಿದೆ. ಆದರೂ ಸ್ಥಳೀಯ ಕಾನೂನಿನ ಜ್ಞಾನವು ಈ ವೃತ್ತಿಗೆ ಅಲಂಕಾರವಲ್ಲ, ಅವಶ್ಯಕ. ರೋಗಿಯು ಮತ್ತೊಬ್ಬರನ್ನು ಕೊಲ್ಲುವೆನೆಂದು ಚಿಕಿತ್ಸಕರೊಡನೆ ಗುಟ್ಟಾಗಿ ಹೇಳಿದರೆ ಮಾಡಬೇಕಾದುದೇನು? ೧೯೭೬ರ ಟರಸಾಫ್ ತೀರ್ಪಿನ ಪ್ರಕಾರ ಕ್ಯಾಲಿಫೋರ್ನಿಯದಲ್ಲಿ, ಅಪಾಯಕ್ಕೆ ಗುರಿಯಾದವರನ್ನು ರಕ್ಷಿಸಲು ಯುಕ್ತವಾದ ಎಚ್ಚರಿಕೆಯನ್ನು ವಹಿಸುವುದು ಚಿಕಿತ್ಸಕರ ಕರ್ತವ್ಯ. ಟೆಕ್ಸಾಸಿನ ಸರ್ವೋಚ್ಚ ನ್ಯಾಯಸ್ಥಾನವು ೧೯೯೯ರಲ್ಲಿ ಅಂತಹ ಎಚ್ಚರಿಕೆಯ ಕರ್ತವ್ಯವನ್ನು ಅಂಗೀಕರಿಸಲಿಲ್ಲ. ಒಂದೇ ಮಾತು, ಎರಡು ಊರು, ಎರಡು ಧರ್ಮ. ಇದನ್ನರಿಯದೆ ಗಡಿ ದಾಟಿದ ಚಿಕಿತ್ಸಕರಿಂದ ಪ್ರಾಣಕ್ಕೂ ಅಪಾಯವಾಗಬಹುದು, ಗೋಪ್ಯಕ್ಕೂ ಭಂಗಬರಬಹುದು. ಮತ್ತು ಒಂದೆಡೆ ಅಪರಾಧ ಮಾಡಿ ಶಿಕ್ಷೆಗೊಳಗಾದವನು ಬೇರೊಂದೆಡೆ ಶುದ್ಧನಂತೆ ನಟಿಸದಿರಲು ಯಾರಾದರೂ ಬಾಗಿಲಲ್ಲಿ ನಿಂತು ನೋಡಬೇಕಷ್ಟೆ. ಇದಕ್ಕೆ ೧೯೯೦ರಲ್ಲಿ ಆರಂಭವಾಗಿ ಕ್ರಮೇಣ ಇತರ ಆರೋಗ್ಯವೃತ್ತಿಗಳಿಗೂ ಹಬ್ಬಿದ ರಾಷ್ಟ್ರೀಯ ದಾಖಲೆಭಂಡಾರವು ನೆರವಾಗುತ್ತದೆ.

ಹೀಗೆ ವಿಚಾರಮಾಡಿದರೆ, ಸನ್ನದಿನೊಳಗೆ ಎರಡು ಸಂಗತಿಗಳು ಬೆರೆತುಹೋಗಿರುವುದು ಸ್ಪಷ್ಟವಾಗುತ್ತದೆ: ವಿದ್ಯೆ ಮತ್ತು ಹೊಣೆ. ವಿದ್ಯೆಗೆ ಗಡಿಯಿಲ್ಲ, ಒಡೆದ ಮನಸ್ಸುಗಳ ಮಾತನ್ನು ಆಲಿಸುವ ಸಾಮರ್ಥ್ಯವು ಕೊಲರಾಡೋ ನದಿಯನ್ನು ದಾಟಿದ ಮಾತ್ರಕ್ಕೆ ಕುಂದುವುದಿಲ್ಲ. ಹೊಣೆಗೆ ಗಡಿಯುಂಟು, ಆ ಊರಿನ ಕಾನೂನನ್ನು ಪಾಲಿಸುವ, ಆ ಊರಿನವರ ದೂರಿಗೆ ಉತ್ತರಕೊಡುವ ಬಾಧ್ಯತೆಯು ಆ ಊರಿಗೇ ಸೇರಿದುದು. ಮೊದಲಿನ ಶಾಸನಗಳು ಇವೆರಡನ್ನೂ ಒಂದೇ ಕಾಗದದಲ್ಲಿ ಬರೆದುದರಿಂದ, ಹೊಣೆಗೆ ಹಾಕಿದ ಗಡಿಯು ವಿದ್ಯೆಯನ್ನೂ ಕಟ್ಟಿಹಾಕಿತು. ೨೦೧೯ರ ಶಾಸನಗಳ ಹಿರಿಮೆಯು ಇವೆರಡನ್ನೂ ಬೇರ್ಪಡಿಸತೊಡಗಿದುದರಲ್ಲಿದೆ. ಅವು ವಿದ್ಯೆಯನ್ನು ಮರಳಿ ಪರೀಕ್ಷಿಸುವುದಿಲ್ಲ. ನಡತೆಯನ್ನು ನೋಡುತ್ತವೆ, ಕಾನೂನನ್ನು ಕೇಳುತ್ತವೆ.

ಇದೇ ಭೇದವು ಭಾರತದಲ್ಲಿ ವಕೀಲರ ವಿಷಯದಲ್ಲಿ ಶಾಸನದ ರೂಪವನ್ನು ಪಡೆದಿದೆ. ೧೯೬೧ರ ವಕೀಲರ ಕಾಯಿದೆಯ ೩೦ನೆಯ ಪ್ರಕರಣವು ಒಂದು ರಾಜ್ಯದ ಪಟ್ಟಿಯಲ್ಲಿ ಸೇರಿದ ವಕೀಲನಿಗೆ ದೇಶದ ಎಲ್ಲ ನ್ಯಾಯಸ್ಥಾನಗಳಲ್ಲಿಯೂ ವಾದಿಸುವ ಹಕ್ಕನ್ನು ಕೊಡುತ್ತದೆ. ಆದರೆ ಅವನ ನಡತೆಯ ಮೇಲಿನ ದೂರನ್ನು ವಿಚಾರಿಸುವ ಅಧಿಕಾರವು ಮೊದಲಿಗೆ ಅವನ ರಾಜ್ಯದ ವಕೀಲರ ಪರಿಷತ್ತಿನಲ್ಲಿಯೇ ಉಳಿದಿದೆ. ಆ ಪ್ರಕರಣವೂ ಬರೆದೊಡನೆ ಆಚರಣೆಗೆ ಬರಲಿಲ್ಲ. ಅದು ಜಾರಿಯಾದುದು ೨೦೧೧ರಲ್ಲಿ, ಅಂದರೆ ೫೦ ವರ್ಷಗಳ ಅನಂತರ. ಗಡಿಗಳನ್ನು ಹಾಕುವುದು ಸುಲಭ, ತೆಗೆಯುವುದು ನಿಧಾನವೆಂಬುದಕ್ಕೆ ಎರಡು ದೇಶಗಳ ಚರಿತ್ರೆಯೂ ಸಾಕ್ಷಿ.

ಡೆಂಟನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಫೀಲ್ಡರು ಹಾಕಿದ ಷರತ್ತೊಂದು ಇಲ್ಲಿ ಮರಳಿ ನೆನಪಿಗೆ ಬರತಕ್ಕುದು. ನಿಯಮವು ವೃತ್ತಿಗೆ ಸಂಬಂಧಪಟ್ಟುದಾಗಿರಬೇಕೆಂಬ ಆ ಮಾತನ್ನು ಬಹುಕಾಲ ಯಾರೂ ಈ ವೃತ್ತಿಯ ಗಡಿಗಳ ಮೇಲೆ ಪ್ರಯೋಗಿಸಿ ನೋಡಲಿಲ್ಲ. ನೋಡಿದ್ದರೆ, ಸತ್ತ ಮೇಲ್ವಿಚಾರಕರ ರುಜುವಿಗೂ ಜೀವಂತವಾಗಿರುವ ಕುಟುಂಬದ ಕ್ಷೇಮಕ್ಕೂ ಇರುವ ಸಂಬಂಧವು ಎಷ್ಟು ತೆಳುವೆಂಬುದು ಮೊದಲೇ ಹೊರಪಡುತ್ತಿದ್ದಿತು. ಸನ್ನದು ಹುಟ್ಟಿದುದು ಪ್ರಜೆಯ ರಕ್ಷಣೆಗಾಗಿ. ಅದೇ ಸನ್ನದು ನೊಂದ ಕುಟುಂಬವನ್ನು ಅದು ನಂಬಿದವರಿಂದ ಅಗಲಿಸುವಲ್ಲಿ ತನ್ನ ಮೂಲೋದ್ದೇಶವನ್ನು ಮರೆತಿದೆಯೆಂದೇ ಹೇಳಬೇಕು. ಆ ಮರೆವನ್ನು ಒಂದೊಂದು ಸಂಸ್ಥಾನವೂ ತನ್ನ ತನ್ನ ಕಾಲದಲ್ಲಿ ತಿದ್ದಿಕೊಳ್ಳುತ್ತಿರುವುದೇ ಈ ಚರಿತ್ರೆಯ ಇದುವರೆಗಿನ ಸಾರ.